ಕಡೆಗೂ ಸಿಕ್ಕ ಲೈನು

2006ರಲ್ಲಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಯುಗವೊಂದು ಮುಗಿಯಿತು: ಡಯಲ್-ಅಪ್ ಇಂಟರ್‌ನೆಟ್ ಹಾಕಿದರೆ ಫೋನು ಎಂಗೇಜ್ ಆಗುವ ಯುಗ. ಬ್ರಾಡ್‌ಬ್ಯಾಂಡ್ ಬಂದ ಮಧ್ಯಾಹ್ನವೇ ಫೋನು ಬಡಿದುಕೊಂಡಿತು. ಎತ್ತಿದರೆ, ಹಲ್ಲಿಲ್ಲದ ವಸಡಿನಲ್ಲಿ ಎಲೆಯಡಿಕೆ ನುರಿಯುವ ಪಚಪಚ ಸದ್ದು. ಆಮೇಲೆ ಗುರುತಿಲ್ಲದ ಮುದುಕಿಯ ದನಿ: "ಎಷ್ಟ್ ವರ್ಷದಿಂದ ಎಂಗೇಜು ಕಣಪ್ಪಾ! ಇವತ್ತು ಸಿಕ್ತು ನೋಡು ಲೈನು."

ಕಿವಿ ಒದ್ದೆಯಾಯಿತು. ಒರೆಸಿಕೊಂಡರೆ ಬೆರಳಿಗೆ ಬೆಚ್ಚಗಿನ ಕೆಂಪು ಎಂಜಲು, ಹೊಗೆಸೊಪ್ಪಿನ ನಾತ.

ದಿನವೂ ಇದೇ ಆಯಿತು. ಡೆಟಾಲಿನಲ್ಲಿ ತಿಕ್ಕಿದರೂ ರಿಸೀವರಿನ ತೂತುಗಳಿಂದ ಮತ್ತೆ ಜಿನುಗುತ್ತಿತ್ತು. ಬಸುರಿ ಹೆಂಡತಿ ಗುರುದೇವಿ ವಾಂತಿ ಮಾಡಿಕೊಂಡು ಅಂದಳು: "ರೀ, ಆ ದರಿದ್ರ ಡಯಲ್-ಅಪ್ಪೇ ವಾಪಸ್ ಹಾಕ್ಸಿ. ಇಲ್ಲಾಂದ್ರೆ ನಾನು ತವರಿಗೆ ಹೋಗ್ತೀನಿ."

ಬ್ರಾಡ್‌ಬ್ಯಾಂಡಿನ ರುಚಿ ಹತ್ತಿದ್ದ ನಾನು, ಅದನ್ನು ಹಾಗೇ ಇಟ್ಟುಕೊಂಡು ಫೋನನ್ನೇ ಕಿತ್ತು ತಿಪ್ಪೆಗೆ ಎಸೆದೆ.

ಮರುದಿನ ಬೆಳಗ್ಗೆ ಕಂಪ್ಯೂಟರಿನ ಸ್ಪೀಕರು ಕೆಂಪಗೆ ಒದ್ದೆಯಾಗಿತ್ತು. ಗುರುದೇವಿ ಅವತ್ತೇ ತವರಿಗೆ ಹೋದಳು.