ತುಂಗಾ ಮಡಚಿದ ಪ್ಯಾರಾಚೂಟ್

“ನಿಲ್ಲಿ! ನೀವು ವಿಮಾನ ಹತ್ತೋ ಹಾಗಿಲ್ಲ!”

ತುಂಗಾ ಕೂಗಿದ ರಭಸಕ್ಕೆ ಸಾಲಿನಲ್ಲಿದ್ದ ಐವರೂ ತಿರುಗಿ ನೋಡಿದರು. ಅವಳು ನೇರ ಕೊನೆಯವನ ಮುಂದೆ ಹೋಗಿ ನಿಂತು ಅವನ ಎದೆಯ ಮೇಲಿನ ಪಟ್ಟಿಗೇ ಕೈ ಹಾಕಿದಳು.

ಅವನು ತೇಜು. ಮಂಡ್ಯದ ಕಡೆಯವನು, ಚೆನ್ನೈನ ಗಿಂಡಿ ಬಡಾವಣೆಯ ಕಂಪನಿಯೊಂದರಲ್ಲಿ ಇಂಜಿನಿಯರ್. ಭಾನುವಾರ ಬಂತೆಂದರೆ ಚೆನ್ನೈನಿಂದ ಎರಡು ಗಂಟೆ ದೂರದ ಈ ಹಳೇ ರನ್‌ವೇಗೆ ಬಂದು, ವಿಮಾನ ಹತ್ತಿ, ಆಕಾಶದಿಂದ ಧುಮುಕುವುದು ಅವನ ಹುಚ್ಚು.

“ನೂರಾ ಹತ್ತು ಸಲ ಹಾರಿದೀನಿ ಕಣ್ರೀ ಮೇಡಂ!”

“ನೂರಾ ಹನ್ನೊಂದನೇ ಸಲಾನೂ ಹಾರ್ಬೇಕು ತಾನೇ? ಪಟ್ಟಿ ಬಕಲ್ ಒಳಗೇ ಹೋಗಿಲ್ಲ. ಚುಮ್ಮಾ ಮೇಲೆ ಸಿಕ್ಕಿಸಿದೀರಿ. ಬಿಚ್ಚಿ ಸರಿಯಾಗಿ ಹಾಕ್ಕೊಳ್ಳಿ, ಸೀಕ್ರಂ!”

ತೇಜು ತಲೆ ತಗ್ಗಿಸಿ ನೋಡಿಕೊಂಡ. ನಿಜ... ಮೇಲೆ ಪಟ್ಟಿ ಜಾರಿದ್ದರೆ ಪ್ಯಾರಾಚೂಟ್ ಒಂದು ದಾರಿ, ಇವನೊಂದು ದಾರಿ! ಅವನ ಮುಖ ಕೆಂಪಾಯಿತು. ಆದರೂ ಕಣ್ಣು ಮಾತ್ರ ಅವಳ ಮೇಲಿಂದ ಸರಿಯಲಿಲ್ಲ.

ತುಂಗಾಳ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನವರು; ಮನೆಮಾತು ಕನ್ನಡವಾದರೂ ನಡುನಡುವೆ ತಮಿಳು ನುಸುಳುತ್ತಿತ್ತು. ಅಮ್ಮ ವೃಂದಾಗೆ ಪುರಸೈವಾಕ್ಕಂನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಬಟ್ಟೆಯ ಮಡಿಕೆ, ಹೊಲಿಗೆಯ ಗುಣ ಹುಡುಗಿಗೆ ಅಲ್ಲೇ ಕೈಗೆ ಹತ್ತಿದ್ದು. ಆಮೇಲೆ ಪ್ಯಾರಾಚೂಟ್ ಮಡಚುವುದರಲ್ಲಿ ತರಬೇತಿ ಪಡೆದು ಈ ರನ್‌ವೇಯ ಸ್ಕೈಡೈವಿಂಗ್ ಕ್ಲಬ್ಬಿಗೆ ಆ ವಾರವಷ್ಟೇ ಸೇರಿದ್ದಳು. ಕೇಳಿದವರಿಗೆ ಮಡಚಿಕೊಡುವುದೂ ಅವಳೇ, ಹತ್ತುವ ಮುಂಚೆ ಎಲ್ಲರನ್ನೂ ತಪಾಸಣೆ ಮಾಡುವುದೂ ಅವಳೇ.

ಅಂದಿನಿಂದ ತೇಜುವಿಗೆ ತನ್ನ ಪ್ಯಾರಾಚೂಟನ್ನು ತುಂಗಾಳ ಕೈಯಲ್ಲೇ ಮಡಚಿಸಿಕೊಳ್ಳಬೇಕು! ಅವಳು ಮಡಚುವಷ್ಟು ಹೊತ್ತೂ ಪಕ್ಕದಲ್ಲಿ ಕೂತು ಹರಟುತ್ತಿದ್ದ. ಅವನ ಮಾತಿಗೆ ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಕೈ ಎಚ್ಚರ ತಪ್ಪುತ್ತಿರಲಿಲ್ಲ. ಬೇರೆಯವರದನ್ನು ಒಂದು ಸಲ ನೋಡಿದರೆ ಇವನದನ್ನು ಮೂರು ಸಲ ನೋಡುತ್ತಿದ್ದಳು. ಇದಕ್ಕೆ ಪ್ರೀತಿ ಎನ್ನದೆ ಇನ್ನೇನು ಎನ್ನುವುದು, ನೀವೇ ಹೇಳಿ!

ಹೀಗೇ ಮೂರು ತಿಂಗಳು ಕಳೆಯಿತು.

ಒಂದು ಭಾನುವಾರ ತುಂಗಾ ಮೈದಾನದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಮೂರೂವರೆ ಸಾವಿರ ಅಡಿ ಎತ್ತರದಲ್ಲೇ ಪ್ಯಾರಾಚೂಟ್ ತೆರೆಯಬೇಕೆಂಬುದು ಕ್ಲಬ್ಬಿನ ನಿಯಮ. ಉಳಿದವರ ಪ್ಯಾರಾಚೂಟ್‌ಗಳೆಲ್ಲ ಅರಳಿದವು. ತೇಜು ಮಾತ್ರ ಬೀಳುತ್ತಲೇ ಇದ್ದ... ಇನ್ನೂ ಬೀಳುತ್ತಲೇ ಇದ್ದ...

‘ಪ್ಯಾರಾಚೂಟ್ ತೆರೀ... ತೆರೀ ಚಿನ್ನಾ...’

ಅಂತೂ ತೆರೆಯಿತು! ಅವನು ನೆಲ ಮುಟ್ಟುವವರೆಗೂ ತುಂಗಾ ಕಣ್ಣು ತೆಗೆಯಲಿಲ್ಲ. ಅವನೋ ನಗುನಗುತ್ತಾ ಓಡಿ ಬಂದ.

“ಎರಡು ಸಾವಿರ ಅಡಿಗೆ ತೆರೆದೆ! ನೀವು ಮಡಚಿದ್ದಲ್ವಾ, ನಂಗೇನ್ರೀ ಭಯ?”

ಪಾಪ, ಅವನ ಮಟ್ಟಿಗೆ ಅದು ಪ್ರೀತಿಯ ಮಾತೇ. ಅವಳ ಮುಖ ಅರಳುತ್ತದೆಂದು ಕಾದ.

“ಇನ್ಮೇಲೆ ನಿಮ್ಮದು ನಾನು ಮಡಚಲ್ಲ,” ಎಂದು ತುಂಗಾ ಹೊರಟೇಬಿಟ್ಟಳು.

ನಾಲ್ಕು ದಿನ ಅವನ ಮೆಸೇಜಿಗೆ ಉತ್ತರವಿಲ್ಲ. ತನ್ನನ್ನು ಕಂಡರೇ ಅವಳಿಗೆ ಆಗುವುದಿಲ್ಲ ಎಂದುಕೊಂಡು ತೇಜು ಒದ್ದಾಡಿದ. ಗುರುವಾರ ಸಂಜೆ ತಡೆಯಲಾರದೆ, ವಾರದ ದಿನಗಳಲ್ಲಿ ತುಂಗಾ ಹೊಲಿಯುತ್ತಿದ್ದ ಅಮ್ಮನ ಅಂಗಡಿಗೇ ಬಂದ. ವೃಂದಾ ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, ಕಾಫಿ ತರುವ ನೆಪದಲ್ಲಿ ಒಳಗೆ ಹೋದರು.

“ನಾನು ನಿಮಗೆ ಇಷ್ಟ ಇಲ್ದಿದ್ರೆ ಹೇಳ್ಬಿಡಿ. ಹಿಂಗೆ ಸುಮ್ನಿರಬೇಡಿ.”

“ಇಷ್ಟ ಇಲ್ಲದವರ ಪ್ಯಾರಾಚೂಟ್ ಯಾರಾದ್ರೂ ಮೂರು ಸಲ ನೋಡ್ತಾರಾ?” ತುಂಗಾ ಹೊಲಿಗೆ ಮೆಷಿನ್ ನಿಲ್ಲಿಸಿದಳು. “ನಿಮ್ಮ ಜೀವ ಉಳೀಲಿ ಅಂತ ನಾನು ಜೋಪಾನ ಮಾಡಿದೆ. ನೀವು ಅದನ್ನೇ ನಂಬ್ಕೊಂಡು ಇನ್ನೂ ಕೆಳಗೆ ಬಂದ್ರಿ. ನಾಳೆ ನಿಮಗೆ ಏನಾದ್ರೂ ಆದ್ರೆ... ನನ್ನ ಪ್ರೀತಿಯೇ ನಿಮ್ಮನ್ನ ಕೊಂದ ಹಾಗೆ!”

ತೇಜು ತಲೆ ತಗ್ಗಿಸಿ, ಬಂದ ಕಾಫಿಯನ್ನೂ ಮುಟ್ಟದೆ ಹೊರಟುಹೋದ.

“ಏನ್ ಡೀ, ಹಾಗೆ ಅಂದ್ಬಿಟ್ಟೆ?” ಎಂದರು ವೃಂದಾ.

‘ಹೋದ... ಇನ್ನು ಬರಲ್ಲ,’ ಎಂದು ತುಂಗಾ ಹೊಲಿಯುತ್ತಿದ್ದ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು.

ಆದರೆ ಭಾನುವಾರ ಅವನು ಬಂದ. ಮೂಲೆಯಲ್ಲಿ ಕೂತು, ತನ್ನ ಪ್ಯಾರಾಚೂಟನ್ನು ತಾನೇ ಮಡಚಿಕೊಂಡ. ತಪಾಸಣೆಯಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಐವರನ್ನು ಹೊತ್ತು ವಿಮಾನ ಏರಿತು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮೋಡ ಬರತೊಡಗಿತು.

ಒಂದು... ಎರಡು... ಮೂರು... ನಾಲ್ಕು.

ಐದನೆಯ ಪ್ಯಾರಾಚೂಟ್ ಎಲ್ಲಿ? ಅವಳು ಮತ್ತೆ ಎಣಿಸಿದಳು. ನಾಲ್ಕೇ! ನಾಲ್ವರೂ ನೆಲ ಮುಟ್ಟಿದರು. ಅವರಲ್ಲಿ ತೇಜು ಇರಲಿಲ್ಲ.

“ದೇವರೇ...” ತುಂಗಾ ಕುಸಿದು ಕೂತಳು.

ಆಗ ವಿಮಾನ ಇಳಿಯಿತು. ಬಾಗಿಲಿನಿಂದ ತೇಜು ಇಳಿದ! ಬೆನ್ನ ಮೇಲೆ ಪ್ಯಾರಾಚೂಟ್ ಮಡಚಿದಂತೆಯೇ ಇತ್ತು. ಹಾರಲು ಹೋಗಿ ವಿಮಾನದಲ್ಲೇ ವಾಪಸು ಬಂದವನಿಗೆ ಅಲ್ಲಿ ವರ್ಷವಿಡೀ ಗೇಲಿ ತಪ್ಪಿದ್ದಲ್ಲ. ಗೆಳೆಯರು ಆಗಲೇ ಹೋ ಎಂದು ಕೂಗುತ್ತಿದ್ದರು.

ತುಂಗಾ ಎದ್ದು ಓಡಿದಳು.

“ನನ್ನ ಸರದಿ ಬರೋ ಹೊತ್ಗೆ ಕೆಳಗೆ ಪೂರ್ತಿ ಮೋಡ, ನೆಲಾನೇ ಕಾಣ್ಲಿಲ್ಲ,” ಎಂದ ತೇಜು. “ಹೋದ ತಿಂಗಳಾಗಿದ್ರೆ ನಿಯಮ ಗಿಯಮ ನೋಡ್ದೆ ಹಾರ್ಬಿಡ್ತಿದ್ದೆ.”

“ಮತ್ತೆ ಇವತ್ತು?”

“ಇವತ್ತು ಜೀವದ ಮೇಲೆ ಆಸೆ ಬಂತು. ನಿಮ್ಮ ಜೊತೆ ಬಾಳ್ಬೇಕು ತುಂಗಾ... ತುಂಬಾ ವರ್ಷ.”

ಅವಳು ಅವನ ಎದೆಗೆ ಗುದ್ದಿದಳು. ಮರುಕ್ಷಣ ಅಲ್ಲೇ ಮುಖವಿಟ್ಟು ಬಿಕ್ಕಿದಳು. ಅವನು ಅವಳನ್ನು ತಬ್ಬಿಕೊಂಡ.

“ಎಲ್ರೂ ನನ್ನ ನೋಡಿ ನಗ್ತಾವ್ರೆ ಕಣ್ರೀ.”

“ನಗಲಿ ಬಿಡು. ನೀನು ಬಂದ್ಯಲ್ಲ...”

“ಮುಂದಿನ ವಾರ ಮಡಚಿಕೊಡ್ತೀರಾ?”

“ಇಲ್ಲ. ನೀನೇ ಮಡಚು. ನಾನು ಪಕ್ಕದಲ್ಲಿ ಕೂತಿರ್ತೇನೆ.”