ಸುಣ್ಣವಿಲ್ಲದ ವೀಳ್ಯ

ಊಹಿಸಿ ನೋಡೋಣ: ತುಂಬಿದ ರಾಜಸಭೆಯಲ್ಲಿ ಭೇರಿ ಮೊಳಗುತ್ತಿರಲು ಕಾಲಿಗೆ ವೀರಬಿರುದಿನ ಗಂಡಪೆಂಡೆಯ ತೊಡಿಸಿಕೊಂಡ ಗಂಡಸೊಬ್ಬ ಮನೆಗೆ ಹೋಗಿ ಮೊಟ್ಟಮೊದಲು ಏನು ಮಾಡಿರಬಹುದು? ಹೆಂಡತಿಯನ್ನು ಕೂಗಿ ತೋರಿಸಿದ ಎನ್ನುತ್ತೀರಿ. ಕುಲದೇವತೆಗೆ ಕೈಮುಗಿದ ಎನ್ನುತ್ತೀರಿ. ಎರಡೂ ಅಲ್ಲ ಸ್ವಾಮಿ! ಕದವಿಕ್ಕಿ ಕುಳಿತು, ಹಳೆಯ ಪಂಚೆಯೊಂದನ್ನು ಹರಿದು, ಆ ಬಂಗಾರದ ಬಳೆಗೆ ಸುತ್ತುಸುತ್ತಾಗಿ ಬಿಗಿದುಕಟ್ಟಿದ, ನಡೆದರೆ ಅದು ಸದ್ದು ಮಾಡದಿರಲೆಂದು.

ಏಕೆ ಎಂಬುದನ್ನು ಹೇಳಬೇಕಾದರೆ ನಿಮ್ಮನ್ನು ಹೊನ್ನವೊಳಲಿಗೆ ಕರೆದೊಯ್ಯಬೇಕು. ಏನು ನಗರ ಅದು! ನದಿಯ ತಿರುವಿನಲ್ಲಿ ಕರಿಗಲ್ಲಿನ ಕೋಟೆ. ಮೂಡಣ ಬಾಗಿಲಿನಿಂದ ಅರಮನೆಯವರೆಗೆ ರಾಜಬೀದಿ. ಬೀದಿಯ ಒಂದು ಮಗ್ಗುಲಲ್ಲಿ ಹೂವಾಡಗಿತ್ತಿಯರ ಜಗಳ, ಇನ್ನೊಂದು ಮಗ್ಗುಲಲ್ಲಿ ಕಂಚುಗಾರರ ಬಡಿತ, ನಡುವೆ ಪಟ್ಟದಾನೆಯು ಮಾವುತನ ಮಾತಿಗೂ ಕಾಯದೆ ಬೆಲ್ಲದಂಗಡಿಯ ಮುಂದೆ ತಾನಾಗಿ ನಿಲ್ಲುವ ಗಾಂಭೀರ್ಯ. ಆ ರಾಜ್ಯವನ್ನು ಮಾರಮಲ್ಲದೇವನೆಂಬ ಅರಸನು ಆಳುತ್ತಿದ್ದನು. ಅವನ ಹಡಪವಳನೇ, ಎಂದರೆ ಎಲೆಯಡಿಕೆಯ ಚೀಲ ಹಿಡಿದು ಸಿಂಹಾಸನದ ಪಕ್ಕದಲ್ಲಿ ನಿಲ್ಲುವ ಸೇವಕನೇ, ನಮ್ಮ ಕೇತಮಲ್ಲ.

ಕೇತಮಲ್ಲ ಎಲೆತೋಟದವರ ಮಗ. ನಗರಕ್ಕೆ ಬಂದಾಗ ಮೈಮೇಲೆ ಇದ್ದದ್ದು ಒಂದು ತುಂಡುಬಟ್ಟೆ, ಮನಸ್ಸಿನಲ್ಲಿ ಇದ್ದದ್ದು ಒಂದೇ ಸಂಕಲ್ಪ. ಈಗಿನವರು ತಮ್ಮ ಗುರಿಯನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿಕೊಳ್ಳುತ್ತಾರಂತೆ. ಅವನಿಗೆ ಚೀಟಿಯೂ ಇಲ್ಲ, ಕನ್ನಡಿಯೂ ಇಲ್ಲ. ಪ್ರತಿದಿನ ಬೆಳಗ್ಗೆ ಕೆರೆಯ ಮೆಟ್ಟಿಲಿನಲ್ಲಿ ಬಾಗಿ, ನೀರಿನಲ್ಲಿ ಕಂಡ ತನ್ನ ಮುಖಕ್ಕೇ ಹೇಳುತ್ತಿದ್ದ: "ಲೋ ಕೇತ, ಈ ಕಾಲಿಗೆ ಪೆಂಡೆಯ ಬೀಳಬೇಕು." ಬರೀ ಹೇಳಿ ಸುಮ್ಮನಾಗುವವನಲ್ಲ. ಹಗಲು ಅರಮನೆಯ ಸೇವೆ, ಸಂಜೆ ಗರಡಿಯಲ್ಲಿ ಕತ್ತಿವರಸೆ. ಮಿಕ್ಕವರು ಪಗಡೆಯಾಡುವಾಗ ಇವನು ಕೋಟೆಯ ಸುತ್ತ ಓಡುತ್ತಿದ್ದ. ನೋಡುವುದಕ್ಕೇ ಒಂದು ಸಂತೋಷ, ಅಂಥ ಛಲ!

ಆದರೆ ವರ್ಷಗಳು ಉರುಳಿದರೂ ಅವನು ಹಡಪವಳನಾಗಿಯೇ ಉಳಿದ. ಹಾಗಿರುವಾಗ ಅರಸನಿಗೆ ಉತ್ತರದ ಗಡಿಗೆ ದಂಡೆತ್ತಿ ಹೋಗುವ ಪ್ರಸಂಗ ಒದಗಿತು. ಪಟ್ಟದರಸಿ ಹರಿಯಲದೇವಿಯ ಮಡಿಲಲ್ಲಿ ಇನ್ನೂ ಮಾತು ಬಾರದ ಕೂಸು. ಅರಸನು ಹಿಂದಿರುಗುವವರೆಗೆ ರಾಜ್ಯವನ್ನೂ ಕೂಸನ್ನೂ ಕಾಯುವ ಭಾರ ಮಹಾಪ್ರಧಾನ ಕಾವರಸನದು. ಅದಕ್ಕಾಗಿ ಅವನು ಸಭೆಯಲ್ಲಿ ಸತ್ಯವೀಳ್ಯವನ್ನು ತಿನ್ನಬೇಕು. ಆ ನಾಡಿನ ಸಂಪ್ರದಾಯ ಅದು. ಹಡಪವಳ ಮಡಿಸಿಕೊಟ್ಟ ವೀಳ್ಯವನ್ನು ಅಗಿದು ನುಂಗಿದವನು ಆಣೆಗೆ ಒಳಗಾದ. ಎಲೆಯೂ ಅಡಿಕೆಯೂ ಸುಣ್ಣ ಸೇರಿದಾಗಲಷ್ಟೇ ಕೆಂಪೇರುತ್ತವೆ. ಆ ಕೆಂಪು ಅವರ ಪಾಲಿಗೆ ರಕ್ತದ ಸಾಕ್ಷಿ; ಅದಿಲ್ಲದೆ ಆಣೆ ತಟ್ಟದು. ತಿಂದು ತಪ್ಪಿದವನ ನಾಲಿಗೆ ಕೊಳೆಯುತ್ತದೆ, ವಂಶ ಅಳಿಯುತ್ತದೆ ಎಂದು ಪ್ರಧಾನನಿಂದ ಹಿಡಿದು ಪಲ್ಲಕ್ಕಿ ಹೊರುವವನವರೆಗೆ ಎಲ್ಲರೂ ನಂಬಿದ್ದರು.

ಸಭೆಗೆ ಮುಂಚಿನ ಮಧ್ಯಾಹ್ನ ಕಾವರಸನು ಎಲೆಯ ಕೋಣೆಗೆ ತಾನೇ ನಡೆದುಬಂದನು.

"ಕೇತಮಲ್ಲ, ಗರಡಿಯಲ್ಲಿ ನಿನ್ನ ಕೈ ನೋಡಿದ್ದೇನೆ. ಆ ಕೈ ಎಲೆಯ ತೊಟ್ಟು ಚಿವುಟುವುದಕ್ಕೆ ಹುಟ್ಟಿದ್ದಲ್ಲವಯ್ಯ."

"ಒಡೆಯರ ಕೃಪೆ."

"ಕೋಟೆಯ ಅಧಿಪತಿಯ ಸ್ಥಾನ ಬರಿದಾಗಿದೆ. ಅರಸರು ಹೊರಟ ಮೇಲೆ ನೇಮಿಸುವವನು ನಾನು. ಪೆಂಡೆಯ ಸಮೇತ." ಪ್ರಧಾನನು ಸುಣ್ಣದ ಬೆಳ್ಳಿಯ ಕರಡಿಗೆಯನ್ನು ಎತ್ತಿ, ಮುಚ್ಚಳ ಹಾಕಿ, ಪಕ್ಕಕ್ಕಿಟ್ಟನು. "ನಾಳೆ ನನ್ನ ವೀಳ್ಯಕ್ಕೆ ಇದು ಬೇಡ. ಬಾಯಿ ಬೆಂದಿದೆ. ಮರೆತೆ ಎಂದುಕೊ."

ಬಾಯಿ ಬೆಂದಿರಲಿಲ್ಲ. ಅದು ಕೇತಮಲ್ಲನಿಗೆ ಆ ಕ್ಷಣದಲ್ಲೇ ತಿಳಿಯಿತು. ಆದರೂ ಮರುದಿನ ಅವನ ಬೆರಳು ಕರಡಿಗೆಯ ಬಳಿಗೆ ಹೋದಂತೆ ಮಾಡಿ, ಮುಟ್ಟದೆ ಹಿಂದೆ ಬಂತು. ಮನೆಯಲ್ಲೇ ಬೇರೆ ಎಲೆ ಜಗಿದು ತುಟಿ ಕೆಂಪಾಗಿಸಿಕೊಂಡು ಬಂದಿದ್ದ ಕಾವರಸನು ಆ ವೀಳ್ಯವನ್ನು ನುಂಗಿದನು. ಸಭೆ ಜಯಘೋಷ ಮಾಡಿತು. ಅರಸನು ನೆಮ್ಮದಿಯಿಂದ ದಂಡಿಗೆ ಹೊರಟನು.

ಪೆಂಡೆಯವೂ ಬಂತು. ತೊಡಿಸಿದ ದಿನ ಹರಿಯಲದೇವಿಯು ಕೂಸನ್ನೆತ್ತಿಕೊಂಡು ಮುಂದೆ ಬಂದು, "ಕೇತಣ್ಣ, ನನಗೆ ಇನ್ನು ಭಯವಿಲ್ಲ. ನಿಮ್ಮ ಕೈಯ ವೀಳ್ಯ ತಿಂದವರು ಪ್ರಧಾನರು, ಕೋಟೆ ಕಾಯುವವರು ನೀವು" ಎಂದಳು. ಕೂಸು ಆ ಹೊಳೆಯುವ ಬಳೆಯ ಕಡೆಗೆ ಕೈಚಾಚಿ ನಕ್ಕಿತು. ಕೇತಮಲ್ಲನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬಟ್ಟೆ ಸುತ್ತಿದ್ದು ಅಂದೇ.

ಹೆಂಡತಿ ಸೋವಲೆ ಕೇಳಿದಳು: "ಇದೇನು, ಕಾಲಿಗೆ ಗಾಯವೆ?"

"ಹೊಸದು. ಉಜ್ಜುತ್ತದೆ."

"ಊರಿಗೆಲ್ಲ ಕೇಳಿಸಲಿ ಎಂದು ಹರಳು ತುಂಬಿಸಿ ಮಾಡುವ ಬಳೆ ಅದು. ನೀವು ಕಳ್ಳಬೆಕ್ಕಿನ ಹಾಗೆ ನಡೆಯುತ್ತೀರಿ. ಏನು ಕದ್ದಿರಿ, ಹೇಳಿ?"

ಅವಳು ನಗುತ್ತಲೇ ಕೇಳಿದ್ದು. ಅವನು ಊಟ ಬಿಟ್ಟು ಎದ್ದ. ಅಂದಿನಿಂದ ಕೆರೆಯ ಮೆಟ್ಟಿಲಿಗೆ ಹೋಗುವುದನ್ನೂ ಬಿಟ್ಟ; ನೀರಿನಲ್ಲಿ ಕಾಣುವ ಆ ಮುಖಕ್ಕೆ ಹೇಳುವುದು ಏನೂ ಉಳಿದಿರಲಿಲ್ಲ.

ಮಾಘಮಾಸ ಬಂತು. ಉತ್ತರದಿಂದ ದೂತನೊಬ್ಬ ಕೇತಮಲ್ಲ ಕಾಯುವ ಬಾಗಿಲಿನಿಂದಲೇ ಒಳಬಂದು, "ಗೆದ್ದೆವು! ಅರಸರು ಹಿಂದೆಯೇ ಬರುತ್ತಿದ್ದಾರೆ" ಎಂದು ಅವನೊಬ್ಬನ ಕಿವಿಯಲ್ಲಿ ಉಸುರಿ ಪ್ರಧಾನನ ಮನೆಗೆ ಓಡಿದನು. ಅಲ್ಲಿಂದ ಅವನು ಹೊರಬರಲೇ ಇಲ್ಲ. ಬಂದವನು ಕಾವರಸನೇ, ಅಪ್ಪಣೆಯೊಂದಿಗೆ: "ಮೂಡಣ ಬಾಗಿಲನ್ನು ಮುಚ್ಚು. ಯಾರೇ ಬರಲಿ, ನಾನು ಹೇಳದೆ ತೆರೆಯಬೇಡ. ಅರಸರು ಮಡಿದರೆಂದು ನಾಳೆ ಸಭೆಯಲ್ಲಿ ಸಾರುತ್ತೇನೆ."

"ಕೂಸು, ಒಡೆಯರೆ?"

"ಕೂಸುಗಳಿಗೆ ಜ್ವರ ಬರುವುದು ಸಹಜವಲ್ಲವೇ?"

ಮರುದಿನ ಬೆಳಗ್ಗೆ ಸಭೆ ಕಿಕ್ಕಿರಿದಿತ್ತು. ಕಾವರಸನು ಕಣ್ಣೊರೆಸಿಕೊಳ್ಳುತ್ತಾ ಅರಸನ ಮರಣವನ್ನು ಸಾರಿದನು. ಹರಿಯಲದೇವಿ ಕಂಬಕ್ಕೊರಗಿದಳು. "ಸತ್ಯವೀಳ್ಯ ತಿಂದವನು ನಾನು. ಕುಮಾರರ ರಕ್ಷಣೆಗಾಗಿ ಸಿಂಹಾಸನವನ್ನು ನಾನೇ ಏರಬೇಕಾಗಿದೆ," ಎಂದನು. ನಾಯಕರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಆಣೆಯಿಟ್ಟವನಲ್ಲವೇ! ನಂಬದಿರುವುದು ಹೇಗೆ?

ಆಗ ಕೇತಮಲ್ಲ ಸಭೆಯ ನಡುವೆಯೇ ಬಾಗಿ, ಕಾಲಿನ ಬಟ್ಟೆಯನ್ನು ಬಿಚ್ಚತೊಡಗಿದ. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಹರಿದ. ಎದ್ದು ಸಿಂಹಾಸನದ ಕಡೆಗೆ ನಡೆದ. ಘಲ್, ಘಲ್ ಎಂದು ಪೆಂಡೆಯವು ಸಭೆಯಲ್ಲೆಲ್ಲ ಮಾರ್ದನಿಗೊಂಡಿತು.

"ಅರಸರು ಬದುಕಿದ್ದಾರೆ. ದೂತನನ್ನು ಒಳಬಿಟ್ಟವನು ನಾನು. ಪ್ರಧಾನರು ತಿಂದದ್ದು ಸತ್ಯವೀಳ್ಯವಲ್ಲ. ಅದಕ್ಕೆ ಸುಣ್ಣವಿರಲಿಲ್ಲ. ಬಿಟ್ಟದ್ದು ನನ್ನ ಕೈ. ಬಿಟ್ಟದ್ದು..." ತಲೆ ತಗ್ಗಿಸಿ, ಕಾಲು ತೋರಿಸಿದ. "ಇದಕ್ಕಾಗಿ."

ಯಾರೋ ನಕ್ಕರು. "ಹಡಪದವನಿಗೆ ಪೆಂಡೆಯ ತಲೆಗೇರಿದೆ!" ಎಂದು ಕಾವರಸನೂ ನಕ್ಕನು. "ಸಾಕ್ಷಿ ಏನಯ್ಯ?"

ಕೇತಮಲ್ಲ ಹಡಪವನ್ನು ತರಿಸಿ, ಎಲ್ಲರಿಗೂ ಕಾಣುವಂತೆ ಎಲೆಯ ಮೇಲೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿದ. "ಈಗ ತಿನ್ನಿ. ತಿಂದು ಕುಮಾರರ ಆಣೆ ಹೇಳಿ."

"ಇದರಲ್ಲಿ ವಿಷವಿದೆ!"

ಕೇತಮಲ್ಲ ವೀಳ್ಯವನ್ನು ಎರಡಾಗಿ ಹರಿದು ಒಂದು ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡ. ತುಟಿ ಕೆಂಪೇರಿತು. ಉಳಿದರ್ಧವನ್ನು ನೀಡಿದ. ಕಾವರಸನು ಅದನ್ನು ತೆಗೆದುಕೊಂಡನು, ಮುಖದವರೆಗೆ ತಂದನು. ಅಲ್ಲಿಯೇ ನಿಂತ ಕೈ ಬಾಯಿಗೆ ಹೋಗಲಿಲ್ಲ. ಅರಸನಿಗೆ ಹೆದರದವನು, ಕೂಸಿನ ಕೊಲೆಗೆ ಹೇಸದವನು, ಅರ್ಧ ಎಲೆಗೆ ಹೆದರಿ ಬೆವೆತನು! ವೀಳ್ಯ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಇಡೀ ಸಭೆ ಬಿದ್ದ ಎಲೆಯನ್ನೇ ನೋಡಿತು. ಮರುಕ್ಷಣ ನಾಯಕರ ಕತ್ತಿಗಳು ಒರೆಯಿಂದ ಹೊರಬಂದವು.

ಬಿಸಿಲು ಇಳಿಯುವ ಮೊದಲೇ ಮೂಡಣ ಬಾಗಿಲು ತೆರೆಯಿತು. ಮಾರಮಲ್ಲದೇವನು ಆನೆಯ ಮೇಲೆ ಪುರಪ್ರವೇಶ ಮಾಡಿದನು. ನಡೆದದ್ದನ್ನೆಲ್ಲ ಕೇಳಿದ ಮೇಲೆ, "ಕೇತಮಲ್ಲ, ನಿನ್ನನ್ನು ಕ್ಷಮಿಸಿದೆ" ಎಂದನು.

"ಬೇಡ, ಪ್ರಭು. ಕ್ಷಮಿಸಿದರೆ ನಾಳೆಯ ಹಡಪವಳನೂ ಮರೆಯುತ್ತಾನೆ." ಅವನು ಪೆಂಡೆಯವನ್ನು ಕಳಚಿ ಅರಸನ ಪಾದದ ಬಳಿ ಇಟ್ಟು, ಸುಣ್ಣ ಸವರುವ ಬಲಗೈಯ ತೋರುಬೆರಳನ್ನು ಚಾಚಿದ. ಆಣೆಯ ವೀಳ್ಯದಲ್ಲಿ ಮೋಸ ಮಾಡಿದವನಿಗೆ ಆ ಬೆರಳನ್ನು ಕಡಿಯುವುದೇ ಆ ನಾಡಿನಲ್ಲಿದ್ದ ದಂಡನೆ. ಹರಿಯಲದೇವಿ "ಬೇಡ ಕೇತಣ್ಣ" ಎಂದು ಅತ್ತಳು. ಆ 'ಅಣ್ಣ' ಎಂಬ ಮಾತೇ ಕತ್ತಿಗಿಂತ ಮೊದಲು ಅವನನ್ನು ಕಡಿಯಿತು.

ಗಾಯ ಮಾಗಿದ ಮೇಲೆ ಅರಸನು ಪೆಂಡೆಯವನ್ನು ಮತ್ತೆ ಕಳುಹಿಸಿದನು. ಇವನು ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದ. ಬೇಡಿ ಪಡೆದದ್ದು ಮೂಡಣ ಬಾಗಿಲಿನ ಕಾವಲೊಂದನ್ನೇ. ಸಾಯುವವರೆಗೂ ಬರಿಗಾಲಿನಲ್ಲಿ ಅದನ್ನು ಕಾದ. ಗರಡಿಯ ಹುಡುಗರು ಮುತ್ತಿಕೊಂಡು, "ಅಜ್ಜ, ಎಲೆತೋಟದಿಂದ ಅಷ್ಟೆತ್ತರಕ್ಕೆ ಏರಿದಿರಲ್ಲ, ಹೇಗೆ?" ಎಂದು ಕೇಳುತ್ತಿದ್ದರಂತೆ. ಅವನು ಬಲಗೈಯನ್ನು ಹೊದಿಕೆಯೊಳಗೆ ಸೇರಿಸಿ, "ಏರಿದ್ದು ಒಂದೇ ಸಲ, ಮಕ್ಕಳಿರಾ. ಅದು ಪೆಂಡೆಯ ತೊಟ್ಟ ದಿನವಲ್ಲ, ಬಟ್ಟೆ ಬಿಚ್ಚಿದ ದಿನ" ಎನ್ನುತ್ತಿದ್ದ.

ಸೋವಲೆಗೆ ಮಾತ್ರ ಆ ದಿನ ಯಾವುದೆಂದು ಬಾಯಿಪಾಠವಾಗಿತ್ತು. ಗಂಡ ಬಹುಕಾಲದ ಮೇಲೆ ಮತ್ತೆ ಕೆರೆಯ ಮೆಟ್ಟಿಲಿಗೆ ಹೋಗಿ, ನೀರಿನಲ್ಲಿ ತನ್ನ ಮುಖ ನೋಡಿ, ಏನೂ ಹೇಳದೆ ನೇರವಾಗಿ ಸಭೆಗೆ ನಡೆದ ಬೆಳಗು ಅದು: ಸೌಮ್ಯ ಸಂವತ್ಸರದ ಮಾಘ ಶುದ್ಧ ದಶಮಿ, ಬೃಹಸ್ಪತಿವಾರ.