ಬೋರಣ್ಣ ವಾಪಸ್ ಬಂದ!

ಲಾರಿ ಹಿಂದಿನಿಂದ ಒಂದು ಸಲ ಮುಟ್ಟಿತು.

ಮುಟ್ಟಿದ್ದು ಅಷ್ಟೇ. ನನ್ನ ಜಾವಾ ಬೈಕಿನ ಮಡ್‌ಗಾರ್ಡ್ ಕಿತ್ತುಕೊಂಡು ಹೊನ್ನಾಳಿ ಸೇತುವೆಯ ಮೇಲೆ ಠಣ್ಣೆಂದು ಬಿತ್ತು!

ಕೆಳಗೆ ತುಂಗಭದ್ರೆ. ಎದುರಿಗೆ ಭತ್ತದ ಮೂಟೆ ಹೇರಿದ ಎತ್ತಿನ ಗಾಡಿಗಳು. ಹಿಂದೆ ಜಲ್ಲಿಕಲ್ಲಿನ ಲಾರಿ. ಮಟಮಟ ಮಧ್ಯಾಹ್ನ.

"ಅಣ್ಣಾ, ನಿಲ್ಲಿಸಿಬಿಡು... ನಾನು ಇಳೀತೀನಿ. ಅವರಿಗೆ ಬೇಕಾಗಿರೋನು ನಾನು," ಎಂದ ನನ್ನ ಹಿಂದೆ ಕೂತವನು.

"ಬಾಯಿ ಮುಚ್ಕೊಂಡು ಗಟ್ಟಿ ಹಿಡ್ಕೊ!"

"ಲಾರಿ ಬಂತು..."

"ನನಗೂ ಕಿವಿ ಐತೆ!"

ಗಾಡಿಗಳ ನಡುವೆ ಒಂದು ಸಂದು ಕಾಣಿಸಿತು. ಬೈಕು ಹಿಡಿಸುವಷ್ಟು ಇತ್ತೋ ಇಲ್ಲವೋ, ಯೋಚಿಸಲಿಲ್ಲ. ನುಗ್ಗಿಸಿದೆ! ಮೊಣಕಾಲಿನ ಚರ್ಮ ಗಾಡಿಯ ಗಾಲಿಗೆ ಹೋಯಿತು. ಗಾಡಿಯವನು ನಮ್ಮಪ್ಪ ಅಮ್ಮ ಇಬ್ಬರನ್ನೂ ಸೇರಿಸಿ ಬೈದ. ಹಾರ್ನಿಗೆ ಬೆದರಿದ ಎತ್ತುಗಳು ರಸ್ತೆಗೆ ಅಡ್ಡ ತಿರುಗಿ ನಿಂತವು. ಲಾರಿ ಅವುಗಳ ಹಿಂದೆ ಸಿಕ್ಕಿಕೊಂಡಿತು.

ಒಳ್ಳೆಯ ಎತ್ತುಗಳು. ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ನನ್ನ ಹಿಂದೆ ಕೂತವನು ಯಾರು ಅಂತ ಹೇಳಲಿಲ್ಲ, ಅಲ್ಲವೇ? ಅವತ್ತು ಸರಕಾರದ ಪ್ರಕಾರ ಅವನು ಬೋರಣ್ಣ. ಎಪ್ಪತ್ತೊಂದರ ಯುದ್ಧದಲ್ಲಿ ಕಾಣೆಯಾಗಿ, ಇಷ್ಟು ವರ್ಷ ಪಾಕಿಸ್ತಾನದ ಜೈಲಿನಲ್ಲಿ ಕೊಳೆತು, ಎಪ್ಪತ್ತೊಂಬತ್ತರಲ್ಲಿ ಬದುಕಿ ಬಂದ ಜಗಳೂರು ಕಡೆಯ ಸಿಪಾಯಿ.

ಅವನು ಬೋರಣ್ಣ ಆಗಿರಲಿಲ್ಲ!

ನನ್ನ ಹೆಸರು ಮಲ್ಲೇಶಪ್ಪ. ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ಅವರಿಗೂ ನನಗೂ ಸರಿಬರಲಿಲ್ಲ. ಆಮೇಲೆ ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಮೇಲೊಂದು ರೂಮು ಹಿಡಿದೆ. ಓಡಿಹೋದ ಅಳಿಯ, ಕದ್ದುಹೋದ ಬೈಕು, ಹೆದರಿಸುವ ದಾಯಾದಿ... ಇಂಥದ್ದೆಲ್ಲ ನನ್ನ ಹತ್ತಿರ ಬರುತ್ತಿತ್ತು.

ಆ ಶುಕ್ರವಾರ ಒಬ್ಬ ಹೆಂಗಸು ಬಂದಳು. ಕೊಲ್ಲಾಪುರಮ್ಮ. ಬೋರಣ್ಣನ ಹೆಂಡತಿ. ಕೂರು ಅಂದರೂ ಕೂರಲಿಲ್ಲ.

"ನನ್ನ ಗಂಡ ವಾಪಸ್ ಬಂದಾನೆ ರೀ."

"ಸಂತೋಷ. ಅದಕ್ಕೆ ನಾನ್ಯಾಕೆ?"

"ಅವನು ನನ್ನ ಗಂಡ ಹೌದೋ ಅಲ್ಲೋ, ನೀವು ಹೇಳ್ರಿ."

ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

"ಗಂಡನ ಗುರುತು ಹೆಂಡ್ತಿಗೆ ಗೊತ್ತಾಗಲ್ವಾ?"

"ಮದುವೆಯಾದ ಮ್ಯಾಲೆ ಒಂದು ರಜದಾಗೆ ಇದ್ದ ಅಷ್ಟೇ. ಆಮ್ಯಾಲೆ ಲಡಾಯಿ ಬಂತು. ಕಾಣೆಯಾಗಿದಾನೆ ಅಂತ ತಂತಿ ಬಂತು. ಈಗ ಬಂದೋನಿಗೆ ಹಲ್ಲಿಲ್ಲ, ಮೂಗು ಮುರಿದೈತೆ, ಗಡ್ಡ ಬೆಳೆದೈತೆ. ಅತ್ತೆಗೆ ಕಣ್ಣು ಕಾಣಲ್ಲ. ತಲೆ ಸವರಿ ನನ್ನ ಮಗನೇ ಅಂದ್ಳು. ಹಟ್ಟಿಯೋರು ಹೌದಂದ್ರು. ತಾಲೂಕು ಆಫೀಸಿನೋರು ಹಾರ ಹಾಕಿದ್ರು."

"ಮತ್ತೆ ನಿನಗೇನು ಅನುಮಾನ?"

"ಅವನು ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಲ್ಲ ರೀ."

ಕ್ವಾರಿ ಕಂಟ್ರಾಕ್ಟರ್ ಬೈಲಪ್ಪ ಅವನನ್ನು ಕರೆತಂದಿದ್ದನಂತೆ. ದಾವಣಗೆರೆ ಕಡೆಯವನು. ಆರೋಗ್ಯ ಸರಿಯಿಲ್ಲ ಎಂದು ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಬೋರಣ್ಣನ ಹೆಸರಿನಲ್ಲಿ ಗುಡ್ಡದ ಮಗ್ಗುಲಲ್ಲಿ ಒಂದು ಹೊಲವಿತ್ತು. ಹೊಲದ ತುಂಬ ಕಲ್ಲು. ಬೋರಣ್ಣನ ಮನೆಯವರಿಗೆ ಅದು ಕಲ್ಲು, ಬೈಲಪ್ಪನಿಗೆ ಬಂಗಾರ! ಸೋಮವಾರ ಅದು ಬೈಲಪ್ಪನ ಹೆಸರಿಗೆ ರಿಜಿಸ್ಟ್ರೇಷನ್.

"ಶನಿವಾರ ಶನಿವಾರ ಬೈಲಪ್ಪನ ಲಾರಿ ಹತ್ತಿ ಹೊನ್ನಾಳಿಗೆ ಹೋಗ್ತಾನೆ. ಹೊನ್ನಾಳ್ಯಾಗೆ ನಮ್ಮೋರು ಯಾರೂ ಇಲ್ಲ."

"ಅಲ್ಲ ಅಂತ ಗೊತ್ತಾದ್ರೆ ಏನ್ಮಾಡ್ತೀಯ?"

ಅವಳು ತಾಳಿ ಹಿಡಿದುಕೊಂಡಳು.

"ಮದುವೆ ಮನ್ಯಾಗೆ ಆರತಿ ತಟ್ಟೆ ನನ್ನ ಮುಂದೆ ಬಂದಾಗ ಎಲ್ಲರೂ ಸುಮ್ಮನಾಗ್ತಾರೆ ರೀ. ನಾನು ಮುತ್ತೈದೆನೋ ಅಲ್ಲೋ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅದೊಂದು ಗೊತ್ತಾದ್ರೆ ಸಾಕು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೆಲಸ ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಹೊನ್ನಾಳಿ. ಲಾರಿ ಬಂತು. ಡ್ರೈವರ್ ಸಾರಾಯಿ ಅಂಗಡಿಗೆ ನುಗ್ಗಿದ. ನಮ್ಮ 'ಬೋರಣ್ಣ' ಅತ್ತಿತ್ತ ನೋಡಿ ಮಿಲ್ಟ್ರಿ ಹೋಟೆಲಿಗೆ ನುಗ್ಗಿದ. ನಾನು ಅವನ ಹಿಂದಿನ ಬೆಂಚಿನಲ್ಲಿ ಕೂತೆ. ಒಂದು ಮಾತಿಲ್ಲ. ತಲೆ ಎತ್ತಲಿಲ್ಲ. ತಟ್ಟೆಯ ಸುತ್ತ ಮೊಣಕೈ ಅಡ್ಡ ಇಟ್ಟುಕೊಂಡು ತಿಂದ. ಎದ್ದು ನ್ಯಾಮತಿ ಬಸ್ಸು ಹತ್ತಿದ.

ತಾನೂ ಬರುತ್ತೇನೆಂದು ಹಟ ಹಿಡಿದು ಬಂದು ಬಸ್ ಸ್ಟ್ಯಾಂಡಿನಲ್ಲಿ ಸೆರಗು ಹೊದ್ದು ಕೂತಿದ್ದ ಕೊಲ್ಲಾಪುರಮ್ಮನ ಹತ್ತಿರ ಹೋದೆ.

"ವಿಶೇಷ ಏನಿಲ್ಲ. ಯಾರನ್ನೂ ಮಾತಾಡಿಸಲಿಲ್ಲ. ಕೋಳಿ ಸಾರು, ಮುದ್ದೆ ಹೊಡೆದ. ನ್ಯಾಮತಿಗೆ ಹೋದ. ನಾನೂ ಹೋಗ್ತೀನಿ."

ಅವಳು ಎದ್ದು ನಿಂತಳು.

"ಏನು ತಿಂದ ಅಂದ್ರಿ?"

"ಕೋಳಿ ಸಾರು."

"ನೀವೇ ಕಣ್ಣಾರೆ ಕಂಡ್ರಾ?"

"ಮೂಳೆ ಚೀಪಿದ್ದೂ ಕಂಡೆ! ಯಾಕೆ?"

"ನಾವು ಮ್ಯಾಸ ನಾಯಕರು ರೀ. ಕುರಿ ತಿಂತೀವಿ. ಕೋಳಿ ತಿನ್ನಲ್ಲ, ಸಾಕಲ್ಲ, ಹಟ್ಟಿಯೊಳಗೆ ಬಿಟ್ಕಳಲ್ಲ. ನಮ್ಮ ದೇವರಿಗೆ ಆಗಲ್ಲ. ಮಿಲ್ಟ್ರಿಯಾಗೆ ಕೋಳಿ ಮಾಡಿದ ದಿನ ನನ್ನ ಗಂಡ ಬೆಲ್ಲ ನೆಂಚ್ಕೊಂಡು ರೊಟ್ಟಿ ತಿಂತಿದ್ದನಂತೆ."

ನಾನು ಚನ್ನಗಿರಿಯವನು. ನನಗೆ ಕೋಳಿ ಎಂದರೆ ಕೋಳಿ. ಬೈಲಪ್ಪನಿಗೂ ಅಷ್ಟೇ ಇದ್ದಿರಬೇಕು!

"ಹಾಗಾದ್ರೆ ಮುಗೀತು. ಮೋಸಗಾರ ನನ್ನಮಗ! ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಬರ್ತೀನಿ."

ಅವಳು ನನ್ನ ತೋಳು ಹಿಡಿದಳು. ಉಗುರು ಊರಿತು.

"ತಡೀರಿ. ನನ್ನ ಗಂಡ ರಜ ಮುಗಿಸಿ ಹೊರಟಾಗ ಬಾವಿ ಕಟ್ಟೆ ಹತ್ರ ನಾನೊಂದು ಮಾತು ಅಂದಿದ್ದೆ. ಕಾಗದ ಬರೀಬ್ಯಾಡ, ನನಗೆ ಓದಾಕೆ ಬರಲ್ಲ, ನೀನೇ ಬಾ ಅಂತ. ಅಲ್ಲಿ ನಾವಿಬ್ಬರೇ ಇದ್ವಿ. ಬಂದ ದಿನ ಇವನು ಆ ಮಾತು ಹೇಳ್ದ."

"ಹೇಳಿದ್ರೆ?"

"ಇವನಿಗೆ ಹೇಳಿಕೊಟ್ಟೋರು ಯಾರು ರೀ?"

ಬೋರಣ್ಣನ ಬಾಯಿಂದಲೇ ಬಂದಿರಬೇಕು! ಪೊಲೀಸ್ ಇಲಾಖೆಯಲ್ಲಿ ಇಷ್ಟು ವರ್ಷ ಮಣ್ಣು ಹೊತ್ತಿದ್ದೆ ಅನ್ನಿಸಿತು.

"ನೀನು ಬಸ್ಸು ಹಿಡಿದು ಊರಿಗೆ ಹೋಗು. ನಾನು ಅವನನ್ನ ಕರ್ಕೊಂಡು ಬರ್ತೀನಿ," ಎಂದು ಜಾವಾ ಒದ್ದೆ.

ನ್ಯಾಮತಿ. ಬಸ್ಸಿಳಿದವನ ಜಾಡು ಹಿಡಿದು ಹೋದೆ. ಪೇಟೆ ದಾಟಿದ ಮೇಲೆ ಒಂದು ಕೇರಿ. ಅವನು ಒಂದು ಎತ್ತಿನ ಗಾಡಿಯ ಮರೆಯಲ್ಲಿ ನಿಂತಿದ್ದ. ಎದುರು ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವನು ಅವಳನ್ನೇ ನೋಡುತ್ತಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ.

"ಬೋರಣ್ಣ!" ಎಂದೆ.

ತಿರುಗಲಿಲ್ಲ.

"ಕೋಳಿ ಸಾರು ಹೆಂಗಿತ್ತು?"

ತಿರುಗಿದ. ಓಡಿದ!

ಓಣಿ, ಬಣವೆ, ಯಾರದೋ ಹಿತ್ತಲು, ಒಣಹಾಕಿದ ಸೀರೆ... ನಾಯಿಗಳೂ ನಮ್ಮ ಜೊತೆ ಸೇರಿಕೊಂಡವು. ಒಂದು ಮೋಟು ಗೋಡೆ ಹತ್ತುವಾಗ ಕಾಲು ಹಿಡಿದು ಎಳೆದೆ. ಕೈ ಎತ್ತಿದೆ.

ಅವನು ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

"ಮತ್ ಮಾರೋ ಸಾಬ್! ಮತ್ ಮಾರೋ!"

ನನ್ನ ಕೈ ತಾನೇ ಇಳಿಯಿತು. ಆ ಹೆದರಿಕೆ ನಟನೆಯಲ್ಲ.

"ಯಾರು ನೀನು?"

"ಚಿಕ್ಕಹನುಮಂತಪ್ಪ. ಆ ಜಗಲಿ ಮ್ಯಾಲೆ ಕೂತೋಳು ನಮ್ಮವ್ವ, ಉಡಚಮ್ಮ. ನಾನು ಲಾರಿ ಕ್ಲೀನರ್ ಆಗಿದ್ದೆ. ರಾಜಸ್ಥಾನಕ್ಕೆ ಲೋಡು ಹೋಗಿತ್ತು. ಗಡಿ ಹತ್ರ ಸಂಜೀಗೆ ಚೆಂಬು ಹಿಡ್ಕೊಂಡು ಮರಳಿನಾಗೆ ಹೋದೆ. ಗಾಳಿ ಎದ್ದು ದಾರಿ ತಪ್ತು. ಬೆಳಗಾದಾಗ ಸುತ್ತಲೂ ಆ ಕಡೆ ಪೊಲೀಸರು."

"ಚೆಂಬು ಹಿಡ್ಕೊಂಡು ಹೋದೋನನ್ನ ಗೂಢಚಾರ ಅಂದ್ರಾ?"

"ಚೆಂಬು ಕೊಟ್ಟು ಕಳಿಸಿದೋರು ಯಾರು ಅಂತ ಹೊಡೆದ್ರು ಅಣ್ಣಾ."

"ಬೋರಣ್ಣ?"

"ನನ್ನ ಮಗ್ಗುಲಾಗೇ ಮಲಗ್ತಿದ್ದ. ಕನ್ನಡದೋರು ನಾವಿಬ್ಬರೇ. ದಿನಾ ಅವನು ಅವನ ಊರು ಹೇಳೋನು, ನಾನು ನನ್ನ ಊರು. ಬ್ಯಾರೆ ಏನೈತೆ ಮಾತಾಡಾಕೆ? ಅವನ ಹೊಲದಾಗೆ ನಾನು ಕಣ್ಣು ಮುಚ್ಕೊಂಡು ಓಡಾಡ್ತೀನಿ."

"ಬದುಕಿದಾನಾ?"

"ಅದಾನೆ. ನಮ್ಮಂಥ ಕೂಲಿಯೋರನ್ನ ಬಿಟ್ರು. ಸಿಪಾಯಿಗಳನ್ನ ಕೇಳಿದ್ರೆ ನಮ್ಮ ಹತ್ರ ಯಾರೂ ಇಲ್ಲ ಅಂತಾರೆ ಆ ಕಡೆಯೋರು. ನಾನು ಹೊರಟಾಗ ಸರಳು ಹಿಡ್ಕೊಂಡು ನಿಂತಿದ್ದ. ಮೊದಲು ನಮ್ಮ ಮನೆಗೆ ಹೋಗು, ಆಮ್ಯಾಲೆ ನಿಮ್ಮ ಮನೆಗೆ ಅಂದ. ಹೂಂ ಅಂದಿದ್ದೆ."

"ಕೋಳಿ ತಿನ್ನಲ್ಲ ಅಂತ ಹೇಳಿರಲಿಲ್ವಾ?"

"ಆ ಜೈಲಿನಾಗೆ ನಮಗೆ ಕೋಳಿ ಯಾರು ಕೊಡ್ತಿದ್ರು ಅಣ್ಣಾ! ಆ ಮಾತೇ ಬರಲಿಲ್ಲ."

ಜಗಳೂರಿನಲ್ಲಿ ಬಸ್ಸಿಳಿದು ಬೋರಣ್ಣನ ಹಟ್ಟಿ ಎಲ್ಲಿ ಅಂತ ಕೇಳಿದನಂತೆ. ಕೇಳಿದ್ದು ಬೈಲಪ್ಪನನ್ನು! ಅವನ ಗ್ರಹಚಾರ. ಬೈಲಪ್ಪ ಕಾರಲ್ಲಿ ಕೂರಿಸಿಕೊಂಡ, ಊಟ ಹಾಕಿಸಿದ, ಎಲ್ಲ ಕೇಳಿಸಿಕೊಂಡ. ಆಮೇಲೆ ಮೆತ್ತಗೆ ಹೇಳಿದ: "ಅಲ್ಲಿಂದ ಬಂದೋನು ಅಂದ್ರೆ ಇಲ್ಲೂ ಗೂಢಚಾರ ಅಂತಾನೇ ಒಳಗೆ ಹಾಕ್ತಾರೆ. ನೀನೇ ಬೋರಣ್ಣ ಆಗು. ಒಂದು ಸಹಿ ಹಾಕು. ಆಮೇಲೆ ಎಲ್ಲಾದರೂ ಹೋಗು."

ಇನ್ನೊಂದು ಜೈಲು ತಪ್ಪುತ್ತದೆ ಎಂದರೆ ಇವನು ಏನು ಬೇಕಾದರೂ ಆಗುತ್ತಿದ್ದ.

"ಲೇ, ನೀನು ಬೋರಣ್ಣ ಆದ್ರೆ ಅಲ್ಲಿರೋ ಬೋರಣ್ಣ ಯಾರು?"

ಅವನು ನನ್ನ ಮುಖ ನೋಡಿದ.

"ವಾಪಸ್ ಬಂದೋನನ್ನ ಯಾರೂ ಹುಡುಕಲ್ಲ ಕಣೋ! ನಿನ್ನ ಒಂದು ಸಹಿ ಬಿದ್ರೆ ಸರಕಾರ ಅವನ ಹೆಸರು ಹೊಡೆದುಹಾಕುತ್ತೆ. ಅವನು ಅಲ್ಲೇ ಸಾಯ್ತಾನೆ. ಕೇಳೋರಿಲ್ಲ."

ಅವನು ತಾನಾಗಿಯೇ ಬಂದು ಬೈಕು ಹತ್ತಿದ.

ಹೊನ್ನಾಳಿ ದಾಟುವಾಗ ಲಾರಿ ಡ್ರೈವರ್ ನಮ್ಮನ್ನು ಕಂಡ. ಸೇತುವೆಯ ಕತೆ ಆಗಲೇ ಹೇಳಿದೆನಲ್ಲ. ಆದರೆ ಬೆನ್ನು ಹತ್ತುವ ಮೊದಲೇ ಅವನು ಸಾರಾಯಿ ಅಂಗಡಿಯ ಗೆಳೆಯನನ್ನು ಪೋಸ್ಟಾಫೀಸಿಗೆ ಓಡಿಸಿದ್ದ. ಬೈಲಪ್ಪನಿಗೆ ಟ್ರಂಕ್ ಕಾಲ್! ಅದು ನನಗೆ ಗೊತ್ತಿರಲಿಲ್ಲ.

ದಾವಣಗೆರೆ ದಾಟಿ, ಜಗಳೂರು ದಾಟಿ ಹಟ್ಟಿಯ ಬೇವಿನ ಮರದ ಹತ್ತಿರ ಬೈಕು ತಿರುಗಿಸಿದಾಗ ಇನ್ನೂ ಬಿಸಿಲಿತ್ತು.

ಎದುರಿಗೆ ಪೊಲೀಸ್ ಜೀಪು. ಸಬ್ ಇನ್ಸ್‌ಪೆಕ್ಟರ್. ಪಕ್ಕದಲ್ಲಿ ಬಿಳಿ ಪ್ಯಾಂಟಿನ ಬೈಲಪ್ಪ. ಸುತ್ತ ಇಡೀ ಹಟ್ಟಿ.

"ಇವನೇ ಸಾರ್, ನಮ್ಮ ಬೋರಣ್ಣನ್ನ ಹೊತ್ಕೊಂಡು ಹೋದ ರೌಡಿ!"

ನನ್ನ ಕೈಗೆ ಬೇಡಿ ಬಿತ್ತು. ಬೈಲಪ್ಪ ಚಿಕ್ಕಹನುಮಂತಪ್ಪನ ಹೆಗಲ ಮೇಲೆ ಕೈ ಹಾಕಿದ. ನನಗೂ ಕೇಳುವಷ್ಟು ಹತ್ತಿರದಲ್ಲಿ ಪಿಸುಗುಟ್ಟಿದ.

"ಬೋರಣ್ಣ ಅಂದ್ರೆ ಮನೆ. ಅಲ್ಲ ಅಂದ್ರೆ ಜೈಲು. ಯೋಚನೆ ಮಾಡು."

ಸಬ್ ಇನ್ಸ್‌ಪೆಕ್ಟರ್ ಕೇಳಿದ: "ಏನಯ್ಯಾ, ನೀನು ಬೋರಣ್ಣನೇ ತಾನೆ?"

ಅವನು ನನ್ನ ಕೈಯ ಬೇಡಿಯನ್ನೇ ನೋಡುತ್ತಿದ್ದ. ಹೂಂ ಅನ್ನುತ್ತಾನೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಅಂದರೂ ಬೈಯಲು ನನಗೆ ಮನಸ್ಸಿರಲಿಲ್ಲ. ಜೈಲು ನೋಡಿ ಬಂದವನು ಅವನು. ನಾನಲ್ಲ.

ಆಗ ಕರಿಯಕ್ಕ, ಬೋರಣ್ಣನ ತಾಯಿ, ಸೊಸೆಯ ಕೈ ಹಿಡಿದು ಮುಂದೆ ಬಂದಳು. ಗಾಳಿಯಲ್ಲಿ ತಡವರಿಸಿದಳು.

"ಬೋರಾ... ಬಂದೇನಪ್ಪಾ? ಯಾರೋ ಹೊತ್ಕೊಂಡು ಹೋದ್ರು ಅಂದ್ರು. ಏಟು ಬಿತ್ತೇನೋ?"

ಅವನು ಕುಸಿದು ಅವಳ ಕಾಲು ಹಿಡಿದುಕೊಂಡ.

"ಯವ್ವಾ... ನಾನು ನಿನ್ನ ಮಗ ಅಲ್ಲ. ನ್ಯಾಮತಿ ಉಡಚಮ್ಮನ ಮಗ, ಚಿಕ್ಕಹನುಮಂತ. ನಿನ್ನ ಮಗ ಅಲ್ಲೇ ಅದಾನೆ. ಬದುಕಿದಾನೆ. ಅದನ್ನ ಹೇಳಾಕೇ ಬಂದಿದ್ದೆ... ಹೆದರಿಬಿಟ್ಟೆ."

ಬೈಲಪ್ಪ ಕೂಗಿದ: "ಜೈಲಲ್ಲಿ ತಲೆ ಕೆಟ್ಟೈತೆ ಸಾರ್! ಏನೇನೋ ಹೇಳ್ತಾನೆ!"

"ಅವನು ಕೋಳಿ ತಿಂದಾನೆ," ಎಂದಳು ಕೊಲ್ಲಾಪುರಮ್ಮ. "ಇವತ್ತು ಬೆಳಿಗ್ಗೆ, ಹೊನ್ನಾಳ್ಯಾಗೆ."

ಹಟ್ಟಿಗೆ ಹಟ್ಟಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. ಬೈಲಪ್ಪ ಪಿಳಿಪಿಳಿ ಕಣ್ಣು ಬಿಟ್ಟ. ಕೋಳಿಗೂ ರಿಜಿಸ್ಟ್ರೇಷನ್‌ಗೂ ಏನು ಸಂಬಂಧ ಎಂದು ಅವನಿಗೆ ಕೊನೆಗೂ ಹೊಳೆಯಲಿಲ್ಲ!

ಕರಿಯಕ್ಕ ಹಿಂದೆ ಸರಿಯಲಿಲ್ಲ. ಬಗ್ಗಿ ಅವನ ತಲೆ ತಡವಿದಳು.

"ಅಲ್ಲಿ ಅವನಿಗೆ ಉಣ್ಣಾಕೆ ಏನು ಕೊಡ್ತಾರಪ್ಪಾ?"

"ರೊಟ್ಟಿ, ಬ್ಯಾಳೆ ಯವ್ವಾ."

"ಜ್ವಾಳದ ರೊಟ್ಟಿನಾ?"

"ಗೋಧೀದು."

"ಗೋಧಿ ಅವನಿಗೆ ಸೇರಲ್ಲ," ಎಂದು ಮುದುಕಿ ಅಳತೊಡಗಿದಳು. ನಾನು ಜೀಪಿನ ಕಡೆ ಮುಖ ತಿರುಗಿಸಿದೆ. ಬೇಡಿ ಹಾಕಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವುದು ಸುಲಭವಲ್ಲ.

ಕೊಲ್ಲಾಪುರಮ್ಮ ಅಳಲಿಲ್ಲ. ಅವಳು ಕೇಳಬೇಕಾದದ್ದು ಕೇಳಿಸಿತ್ತು.

ನನ್ನನ್ನು ಅವತ್ತೇ ಬಿಟ್ಟರು. ಚಿಕ್ಕಹನುಮಂತಪ್ಪನನ್ನು ಹಿಡಿದರು. ಗೂಢಚಾರನೋ ಏನೋ, ವಿಚಾರಣೆ ಆಗಬೇಕು ಎಂದರು. ಹೆದರಿದ್ದೇ ಆಯಿತು. ಒಳಗೆ ಯಾರು ಕೇಳಿದರೂ ಅವನದು ಒಂದೇ ಮಾತು: "ಬೋರಣ್ಣ ಅಲ್ಲಿ ಅದಾನೆ, ಬರಕೊಳ್ರಿ." ಕೊನೆಗೆ ಒಬ್ಬ ಅಧಿಕಾರಿ ಬೇಸತ್ತು ಬರೆದುಕೊಂಡ. ಉಡಚಮ್ಮ ಠಾಣೆಯ ಮುಂದೆ ಬುತ್ತಿ ಹಿಡಿದು ಕೂತೇ ಇದ್ದಳು. ನಾನು ವಕೀಲರ ಬೆನ್ನು ಬಿದ್ದು, ಕಾಡಿ ಬೇಡಿ ಅವನನ್ನು ಬಿಡಿಸುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಬೈಲಪ್ಪನಿಗೆ ಏನಾಯಿತು ಅಂತೀರಾ? ಅಂಥವರಿಗೆ ಏನೂ ಆಗುವುದಿಲ್ಲ. ಬೇರೆ ಗುಡ್ಡ ಹಿಡಿದ.

ಅರ್ಜಿ ದೆಹಲಿಗೆ ಹೋಯಿತು. ಉತ್ತರವೂ ಬಂತು. ಆ ದೇಶವನ್ನು ಕೇಳಿದ್ದೇವೆ, ಅಂಥ ಸಿಪಾಯಿ ತಮ್ಮಲ್ಲಿಲ್ಲ ಎನ್ನುತ್ತಾರೆ, ಪರಿಶೀಲನೆ ನಡೆದಿದೆ... ಕೊಲ್ಲಾಪುರಮ್ಮನಿಗೆ ಓದಿ ಹೇಳಿದೆ. ಅವಳು ಹಣೆಗೆ ಇನ್ನಷ್ಟು ದೊಡ್ಡ ಕುಂಕುಮ ಇಟ್ಟುಕೊಂಡು ಇನ್ನೊಂದು ಅರ್ಜಿ ಬರೆಸಿದಳು. ಈಗಲೂ ಬರೆಸುತ್ತಿದ್ದಾಳೆ.

ಸುಳ್ಳು ಬೋರಣ್ಣನನ್ನು ನಂಬಲು ನಮ್ಮವರಿಗೆ ಒಂದು ವಾರ ಸಾಕಾಗಿತ್ತು. ನಿಜವಾದ ಬೋರಣ್ಣನನ್ನು ನಂಬಲು ಇನ್ನೂ ಪುರಸೊತ್ತಾಗಿಲ್ಲ!